ಮೂರು ವರ್ಷ, ಒಂದು ಹಳೇ ಎಂಜಿಬಿ: ಕೊಂಡಿದ್ದು, ಓಡಿಸಿದ್ದು, ತಳ್ಳಿದ್ದು

ಮೊದಲೇ ಹೇಳಿಬಿಡುತ್ತೇನೆ, ಇದು ವೇಗದ ಕಾರಲ್ಲ. ನನ್ನದು 1969ರ ಎಂಜಿಬಿ ರೋಡ್‌ಸ್ಟರ್, ಅಂದರೆ ಬ್ರಿಟನ್ನಿನ ಎಂಜಿ ಕಂಪನಿಯ ಎರಡು ಸೀಟಿನ ತೆರೆದ ಕಾರು. 1798 ಸಿಸಿ, ನಾಲ್ಕು ಸಿಲಿಂಡರ್, ಹೊಸದಿದ್ದಾಗ ಕಂಪನಿ ಹೇಳಿಕೊಂಡಿದ್ದು 95 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರ್ ಮುಟ್ಟೋಕೆ ಹನ್ನೆರಡು ಸೆಕೆಂಡಿಗಿಂತ ಜಾಸ್ತಿ ಬೇಕು. ಸಿಗ್ನಲ್‌ನಲ್ಲಿ ಪಕ್ಕ ನಿಂತ ಸಾಮಾನು ಸಾಗಿಸೋ ವ್ಯಾನ್ ಕೂಡ ಇದನ್ನು ಹಿಂದೆ ಹಾಕಿ ಹೋಗಬಹುದು. ಹೋಗಿದೆ ಕೂಡ. ಆದರೂ ಮೂರು ವರ್ಷದಲ್ಲಿ ಹದಿನಾಲ್ಕು ಸಾವಿರ ಕಿಲೋಮೀಟರ್ ಓಡಿಸಿದ್ದೇನೆ, ಮೂರು ಸಲ ದೂರದ ಪ್ರವಾಸ ಹೋಗಿದ್ದೇನೆ, ಎರಡು ಸಲ ತಳ್ಳಿದ್ದೇನೆ, ಒಂದು ಸಲ ಲಾರಿ ಮೇಲೆ ಹೇರಿಕೊಂಡು ತಲೆ ತಗ್ಗಿಸಿ ಮನೆಗೆ ಬಂದಿದ್ದೇನೆ. ಇಷ್ಟೆಲ್ಲಾ ಆದ ಮೇಲೆ ಯಾರಾದರೂ "ಒಂದು ಹಳೇ ಸ್ಪೋರ್ಟ್ಸ್ ಕಾರ್ ತಗೋಬೇಕು, ಯಾವುದು ತಗೊಳ್ಳಲಿ?" ಅಂದರೆ ಈಗಲೂ ಇದನ್ನೇ ಹೇಳುತ್ತೇನೆ. ಯಾಕೆ ಅಂತ ಬರೆಯೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಒಂದು ತಕರಾರು ಮುಗಿಸಿಬಿಡೋಣ. ನಾವೆಲ್ಲ ಇಂಥ ಕಾರನ್ನು ವಿಂಟೇಜ್ ಅಂತೀವಿ ಅಲ್ವಾ? ಈ ಹುಚ್ಚಿನಲ್ಲಿ ಪಳಗಿದವರ ಮುಂದೆ ಹಾಗೆ ಹೇಳಿದರೆ ಹುಬ್ಬು ಗಂಟಾಗುತ್ತದೆ. ಅವರ ಲೆಕ್ಕದಲ್ಲಿ ವಿಂಟೇಜ್ ಅಂದರೆ 1930ರ ಕೊನೆಯೊಳಗೆ ತಯಾರಾದದ್ದು. ನನ್ನದು ಬರೀ ಕ್ಲಾಸಿಕ್. ಇನ್ನೊಂದು ಕಡೆ, ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಪ್ರಕಾರ ಮೂವತ್ತು ವರ್ಷ ದಾಟಿ, ಮೂಲ ರೂಪದಲ್ಲಿ ಉಳಿದಿದ್ದರೆ ಅದು ಐತಿಹಾಸಿಕ ವಾಹನ. ನಾನು ಮನೆಯಲ್ಲಿ ಇದನ್ನು "ಮುದುಕ" ಅಂತ ಕರೆಯುತ್ತೇನೆ, ಯಾರ ತಕರಾರೂ ಇಲ್ಲ.

ಎಂಜಿಬಿನೇ ಯಾಕೆ? ಮನಸ್ಸು ಮೊದಲು ಹೋಗಿದ್ದು ಆಲ್ಫಾ ರೋಮಿಯೋ ಸ್ಪೈಡರ್ ಕಡೆಗೆ. ಟ್ವಿನ್ ಕ್ಯಾಮ್ ಎಂಜಿನ್, ಐದು ಗೇರ್, ನೋಡಿದರೆ ಕಣ್ಣು ಕೀಳೋಕಾಗಲ್ಲ. ಆದರೆ ತುಕ್ಕು ಹಿಡಿಯೋದರಲ್ಲಿ ಅದು ಎಂಜಿಬಿಗೂ ಗುರು, ಕೆಲಸ ಗೊತ್ತಿರೋ ಕೈಗಳೂ ಕಡಿಮೆ. ಟ್ರಯಂಫ್ ಟಿಆರ್6 ಕೂಡ ನೋಡಿದೆ. ಎರಡೂವರೆ ಲೀಟರ್, ಆರು ಸಿಲಿಂಡರ್, ಅದರ ಸದ್ದು ಈಗಲೂ ಕಿವಿಯಲ್ಲಿದೆ. ದುಡ್ಡು ಸಾಲಲಿಲ್ಲ. ಪೋರ್ಷೆ 911 ಬಗ್ಗೆ ಕನಸಲ್ಲೂ ಯೋಚಿಸಬಾರದು ಅಂತ ಬ್ಯಾಂಕ್ ಖಾತೆ ಹೇಳಿತು. ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಯಿತು, ಛಾವಣಿ ಇರೋ ಜಿಟಿ ಮಾದರಿ ಸೇರಿಸಿ ಐದು ಲಕ್ಷಕ್ಕಿಂತ ಜಾಸ್ತಿ. ಅಷ್ಟು ಕಾರ್ ಇದ್ದದ್ದರಿಂದ ಬಿಡಿಭಾಗ ಮಾಡೋರೂ ಉಳಿದುಕೊಂಡರು. ಸ್ಕ್ರೂನಿಂದ ಹಿಡಿದು ಇಡೀ ಬಾಡಿವರೆಗೆ ಹೊಸದು ಸಿಗುತ್ತದೆ. ಉತ್ಪ್ರೇಕ್ಷೆ ಅಲ್ಲ, 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು ಹಳೇ ಅಚ್ಚುಗಳನ್ನು ಹುಡುಕಿ ತೆಗೆದು ಹೊಸ ಬಾಡಿಶೆಲ್ ಒತ್ತೋಕೆ ಶುರು ಮಾಡಿದರು. ಐವತ್ತು ವರ್ಷ ದಾಟಿದ ಕಾರಿಗೆ ಇಂಥ ಭಾಗ್ಯ ಅಪರೂಪ.

ಆದರೆ ಇಡೀ ಬಾಡಿ ಯಾಕೆ ಮಾರುತ್ತಾರೆ ಅಂತ ಯೋಚಿಸಿ. ಕೊಳೆಯುತ್ತದೆ, ಅದಕ್ಕೇ.

ಇಲ್ಲಿ ನಾನು ಕಲಿತ ಪಾಠ ಇದೆ. ಎಂಜಿಬಿಗೆ ಪ್ರತ್ಯೇಕ ಚಾಸಿ, ಅಂದರೆ ಬಾಡಿಯನ್ನು ಹೊರೋ ಬೇರೆ ಚೌಕಟ್ಟು, ಇಲ್ಲ. ಇದಕ್ಕಿಂತ ಮುಂಚಿನ ಎಂಜಿಎಗೆ ಇತ್ತು, ಇದಕ್ಕಿಲ್ಲ, ಬಾಡಿಯೇ ಬೆನ್ನೆಲುಬು. ರೋಡ್‌ಸ್ಟರ್‌ನಲ್ಲಿ ಮೇಲೆ ಛಾವಣಿಯೂ ಇಲ್ಲದ್ದರಿಂದ ಕಾರಿನ ಗಟ್ಟಿತನವೆಲ್ಲ ಬಾಗಿಲ ಕೆಳಗಿನ ಸಿಲ್‌ನಲ್ಲಿ ಕೂತಿದೆ. ಹೊರಗಿನ ತಗಡು, ಒಳಗಿನ ತಗಡು, ನಡುವೆ ಒಂದು ಪರದೆ, ಕೆಳಗೆ ಕ್ಯಾಸಲ್ ರೈಲ್ ಅಂತ ಒಂದು ಪಟ್ಟಿ. ನೀರು ಒಳಗೆ ಸೇರಿಕೊಂಡರೆ ಹೊರಗೆ ಏನೂ ಕಾಣಿಸದೇ ಒಳಗಿಂದ ತಿಂದುಹಾಕುತ್ತದೆ. ಎಂಜಿನ್ ಹಾಳಾಗಿದ್ದರೆ ಎರಡು ವಾರಾಂತ್ಯದಲ್ಲಿ ಇಳಿಸಿ ಏರಿಸಬಹುದು. ಸಿಲ್ ಹೋಗಿದ್ದರೆ ಕಾರಿನ ಕಥೆಯೇ ಮುಗಿದಂತೆ, ಸರಿ ಮಾಡಿಸೋ ಖರ್ಚಿಗೆ ಇನ್ನೊಂದು ಕಾರೇ ಬರುತ್ತದೆ.

ಇದು ನನಗೆ ಗೊತ್ತಾಗಿದ್ದು ಒಂದು ಕೆಂಪು ಕಾರಿನಿಂದ. ಮಾರೋನು ಹಳೇ ಕಾರುಗಳ ವ್ಯಾಪಾರಿ, ಹೆಸರು ಬೇಡ. ಫೋಟೋದಲ್ಲಿ ಕಾರು ಮದುಮಗಳ ಥರ ಇತ್ತು. ಹೋಗಿ ನೋಡಿದರೂ ಹಾಗೇ. ಬಣ್ಣದಲ್ಲಿ ಮುಖ ಕಾಣುತ್ತಿತ್ತು, ಕ್ರೋಮ್ ಬಂಪರ್ ಮಿರಮಿರ, ಸೀಟಿಗೆ ಹೊಸ ಚರ್ಮ, ಎಂಜಿನ್ ಮೇಲೆ ಊಟ ಬಡಿಸಬಹುದು ಅನ್ನೋ ಹಾಗೆ ತೊಳೆದಿಟ್ಟಿದ್ದರು. ನಾನಂತೂ ಮನಸ್ಸಿನಲ್ಲೇ ಕೊಂಡುಬಿಟ್ಟಿದ್ದೆ. ಜೊತೆಗೆ ಬಂದ ಗೆಳೆಯ ಮಾತಾಡದೇ ಜೇಬಿನಿಂದ ಒಂದು ಸಣ್ಣ ಅಯಸ್ಕಾಂತ ತೆಗೆದ, ಫ್ರಿಜ್ ಬಾಗಿಲಿಗೆ ಅಂಟಿಸ್ತೀವಲ್ಲ ಅಂಥದ್ದು. ತೆಳು ಬಟ್ಟೆ ಸುತ್ತಿ ಹಿಂದಿನ ಚಕ್ರದ ಕಮಾನಿನ ಹತ್ತಿರ ಇಟ್ಟ. ಜಾರಿ ಬಿತ್ತು. ಸ್ವಲ್ಪ ಮುಂದೆ, ಸಿಲ್ ತುದಿಯಲ್ಲಿ ಇಟ್ಟ. ಮತ್ತೆ ಬಿತ್ತು. ಅಲ್ಲಿ ತಗಡೇ ಇಲ್ಲ, ಬರೀ ಪುಟ್ಟಿ. ಆಮೇಲೆ ಅವನು ಬಾಗಿಲು ಮುಚ್ಚಿ, ಬಾಗಿಲಿನ ಹಿಂದಿನ ಸಂದಿಯಲ್ಲಿ ಬೆರಳಿಟ್ಟುಕೊಂಡು, "ಹಿಂದಿನ ಭಾಗ ಜ್ಯಾಕ್ ಹಾಕಿ ಎತ್ತಿ" ಅಂದ. ವ್ಯಾಪಾರಿಗೆ ಇಷ್ಟ ಇರಲಿಲ್ಲ, ಆದರೂ ಎತ್ತಿದರು. ಸಂದಿ ಕಣ್ಣೆದುರಿಗೇ ಕಿರಿದಾಯಿತು. ಬಾಗಿಲು ತೆಗೆಯೋಕೆ ಹೋದರೆ ಕಂಬಕ್ಕೆ ಉಜ್ಜಿ ಕಿರ್ ಅಂತು. ಕಾರು ಮಧ್ಯದಲ್ಲಿ ಬಗ್ಗುತ್ತಿತ್ತು, ಹಸಿ ಬಿದಿರಿನ ಥರ. ವ್ಯಾಪಾರಿ "ಹಳೇ ಕಾರಲ್ವಾ ಸಾರ್, ಇದೆಲ್ಲ ಇದ್ದದ್ದೇ" ಅಂದ. ಇದ್ದದ್ದೇ ಅಲ್ಲ. ಗಟ್ಟಿ ಎಂಜಿಬಿಯನ್ನು ಜ್ಯಾಕ್ ಮೇಲೆ ಎತ್ತಿದರೂ ಬಾಗಿಲು ಸಲೀಸಾಗಿ ತೆಗೆದು ಮುಚ್ಚೋಕೆ ಬರುತ್ತದೆ.

ಆಮೇಲೆ ನಾಲ್ಕು ತಿಂಗಳಲ್ಲಿ ಏಳು ಕಾರು ನೋಡಿದೆ. ಪ್ರತಿ ಸಲ ಅದೇ ಕೆಲಸ. ಮುಂದಿನ ರೆಕ್ಕೆಯ, ಅಂದರೆ ಚಕ್ರ ಮುಚ್ಚೋ ಮಡ್‌ಗಾರ್ಡ್ ತಗಡಿನ ಮೇಲ್ಭಾಗ, ಬಾಗಿಲ ಕಡೆ ಮೂಲೆ ನೋಡು, ಒಳಗೆ ಕೆಸರು ಕೂತು ಅಲ್ಲೇ ಮೊದಲು ಗುಳ್ಳೆ ಏಳುತ್ತದೆ. ಬಾಗಿಲಿನ ಚಿಕ್ಕ ತ್ರಿಕೋನ ಗಾಜಿನ ಕೆಳಗೆ ತಗಡು ಬಿರುಕು ಬಿಟ್ಟಿದೆಯಾ ನೋಡು, ಇದು ಎಲ್ಲ ಎಂಜಿಬಿಗಳ ಜನ್ಮಜಾತ ಕಾಯಿಲೆ, ಅಪಾಯ ಇಲ್ಲ, ಚೌಕಾಸಿಗೆ ಒಳ್ಳೇದು. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ ಬ್ಯಾಟರಿ ಪೆಟ್ಟಿಗೆಗಳಿಗೆ ಟಾರ್ಚ್ ಬಿಡು, ತಳದಲ್ಲಿ ರಸ್ತೆ ಕಾಣಿಸಬಾರದು. ಹೌದು, ಬ್ಯಾಟರಿ ಸೀಟಿನ ಹಿಂದೆ ಇದೆ. ಅದೂ ಎರಡು, ಆರು ವೋಲ್ಟಿನವು, ಎರಡನ್ನು ಸರಣಿಯಲ್ಲಿ ಜೋಡಿಸಿ ಹನ್ನೆರಡು ಮಾಡಿದ್ದಾರೆ. ಈ ಐಡಿಯಾ ಯಾರದ್ದೋ ಏನೋ. 1974ರ ಕೊನೆ ಹೊತ್ತಿಗೆ ಅವರಿಗೇ ಬುದ್ಧಿ ಬಂದು ಒಂದೇ ಬ್ಯಾಟರಿ ಮಾಡಿದರು.

ಅದೇ ಹೊತ್ತಿಗೆ ಇನ್ನೊಂದು ಕೆಲಸ ಮಾಡಿದರು, ಅದು ಒಳ್ಳೇದಲ್ಲ. ಅಮೆರಿಕದ ಹೊಸ ನಿಯಮಗಳಿಗಾಗಿ ಕ್ರೋಮ್ ಬಂಪರ್ ತೆಗೆದು ದಪ್ಪ ಕಪ್ಪು ರಬ್ಬರ್ ಬಂಪರ್ ಹಾಕಿ, ಕಾರನ್ನು ಒಂದೂವರೆ ಇಂಚು ಎತ್ತರಿಸಿದರು. ಮೂಗಿಗೆ ಪ್ಲಾಸ್ಟರ್ ಹಾಕಿದ ಹಾಗೆ ಕಾಣುತ್ತದೆ, ತಿರುವಿನಲ್ಲಿ ಜಾಸ್ತಿ ಓಲಾಡುತ್ತದೆ. ರಬ್ಬರ್ ಬಂಪರ್ ಕಾರು ಅಗ್ಗ ಸಿಗುತ್ತದೆ, ಒಳಗೆ ಅದೇ ಎಂಜಿನ್, ಬಡ್ಜೆಟ್ ಕಡಿಮೆ ಇದ್ದರೆ ತಪ್ಪೇನಿಲ್ಲ. ನನಗೆ ಮನಸ್ಸಾಗಲಿಲ್ಲ.

ಎಂಟನೇ ಕಾರು ಹಸಿರು. ಹಸಿರು ಅಂದರೆ ಒಂದು ಕಾಲದಲ್ಲಿ ಹಸಿರು, ಈಗ ಬಾನೆಟ್ ಮೇಲೆ ಬಣ್ಣ ಮಾಸಿ ಪಾಚಿಯ ಥರ ಆಗಿತ್ತು. ಸೀಟು ಹರಿದಿತ್ತು. ಹುಡ್‌ಗೆ, ಅಂದರೆ ಮಡಚೋ ಛಾವಣಿಗೆ, ತೇಪೆ. ಮಾರೋರು ವಯಸ್ಸಾದವರು, ಇಪ್ಪತ್ತು ವರ್ಷ ಇಟ್ಟುಕೊಂಡವರು. ಅಯಸ್ಕಾಂತ ಎಲ್ಲಾ ಕಡೆ ಗಟ್ಟಿಯಾಗಿ ಕಚ್ಚಿಕೊಂಡಿತು. ಜ್ಯಾಕ್ ಮೇಲೆ ಬಾಗಿಲು ಟಕ್ ಅಂತ ಮುಚ್ಚಿತು. ಆಮೇಲೆ ಅವರು ಒಂದು ಫೈಲ್ ತಂದು ಕೈಗಿಟ್ಟರು, ಎರಡು ಕಿಲೋ ತೂಗಬಹುದು. ಸಿಲ್ ಬದಲಿಸಿದ ಬಿಲ್, ಬೆಸುಗೆ ಹಾಕುವಾಗ ತೆಗೆದ ಫೋಟೋಗಳು, ಗಟ್ಟಿ ವಾಲ್ವ್ ಸೀಟು ಹಾಕಿಸಿದ ಬಿಲ್. ಈ ವಾಲ್ವ್ ಸೀಟಿನ ಬಿಲ್ ಬಹಳ ಮುಖ್ಯ. ಈ ಎಂಜಿನ್ ಹುಟ್ಟಿದ್ದು ಸೀಸ ಬೆರೆಸಿದ ಪೆಟ್ರೋಲಿನ ಕಾಲದಲ್ಲಿ, ಈಗಿನ ಸೀಸ ಇಲ್ಲದ ಪೆಟ್ರೋಲಿನಲ್ಲಿ ಜೋರಾಗಿ ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ಕೂರುವ ಜಾಗ ಸವೆಯುತ್ತಾ ಹೋಗುತ್ತದೆ.

ಬೇರೆ ಪರೀಕ್ಷೆಗಳು ಬೇಗ ಮುಗಿದವು. ಎಂಜಿನ್ ಚೆನ್ನಾಗಿ ಬಿಸಿ ಆದ ಮೇಲೆ ಓಡುವಾಗ ಆಯಿಲ್ ಪ್ರೆಶರ್ 50 ಪಿಎಸ್‌ಐ ಮೇಲೆ ನಿಂತಿತು, ಐಡಲ್‌ನಲ್ಲಿ 20ರ ಸುತ್ತ. ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟು ಹಿಡಿದಾಗ ನೀಲಿ ಹೊಗೆ ಬರಲಿಲ್ಲ. ಹಿಂದಿನ ಆಕ್ಸಲ್ ಟಕ್ ಅನ್ನುತ್ತಿತ್ತು, ಎಲ್ಲಾ ಎಂಜಿಬಿಯೂ ಅನ್ನುತ್ತದೆ, ಒಂದು ಜೊತೆ ಥ್ರಸ್ಟ್ ವಾಷರ್ ಬದಲಿಸಿದರೆ ಮುಗಿಯೋ ಕಥೆ. ಟೈರ್ ಮಾತ್ರ ನೋಡಿ ಗಾಬರಿ ಆಯಿತು. ಪಟ್ಟೆ ಹೊಸದರ ಹಾಗೇ ಇತ್ತು, ಆದರೆ ಪಕ್ಕದಲ್ಲಿ ಬರೆದ ನಾಲ್ಕಂಕಿ ಓದಿದರೆ ಹದಿನೇಳು ವರ್ಷ ಹಳೇದು. ಮೊದಲೆರಡು ಅಂಕಿ ವಾರ, ಕೊನೆಯ ಎರಡು ವರ್ಷ. ಇಂಥ ಕಾರು ಕಡಿಮೆ ಓಡೋದರಿಂದ ಟೈರ್ ಸವೆಯೋದಿಲ್ಲ, ಸುಮ್ನೆ ನಿಂತಲ್ಲೇ ಒಣಗಿ ಕಲ್ಲಾಗುತ್ತದೆ. ಮನೆಗೆ ಬರೋ ಮುಂಚೆ ಐದೂ ಬದಲಿಸಿ, ವಾದ ಬೇಡ.

ಚಾಸಿ ನಂಬರ್ ಓದೋದು ಕಲಿತುಕೊಳ್ಳಿ, ಐದು ನಿಮಿಷದ ಕೆಲಸ. ನನ್ನದು ಜಿ-ಎಚ್-ಎನ್-4 ಅಂತ ಶುರುವಾಗುತ್ತದೆ. ಜಿ ಅಂದರೆ ಎಂಜಿ, ಎಚ್ ಎಂಜಿನ್ ಗಾತ್ರದ ವರ್ಗ, ಎನ್ ಅಂದರೆ ಎರಡು ಸೀಟಿನ ತೆರೆದ ಕಾರು, 4 ಸರಣಿ. ಎನ್ ಜಾಗದಲ್ಲಿ ಡಿ ಇದ್ದರೆ ಅದು ಛಾವಣಿ ಇರೋ ಜಿಟಿ. ಈ ನಂಬರ್ ಕೊಟ್ಟರೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನವರು ಕಾರ್ಖಾನೆಯ ಹಳೇ ದಾಖಲೆ ತೆಗೆದು ಸರ್ಟಿಫಿಕೇಟ್ ಕೊಡುತ್ತಾರೆ. ಯಾವ ದಿನ ತಯಾರಾಯಿತು, ಯಾವ ಬಣ್ಣ, ಯಾವ ಎಂಜಿನ್ ನಂಬರ್, ಎಲ್ಲಿಗೆ ಕಳಿಸಿದ್ದು ಅಂತ. ನನ್ನದು ಬಂದಾಗ ತಿಳಿಯಿತು, ಹಸಿರು ಮೂಲ ಬಣ್ಣವೇ. ಸುಮ್ನೆ ಖುಷಿ ಆಯಿತು.

ಯಾವ ವರ್ಷದ್ದು ತಗೋಬೇಕು ಅಂತ ಕೇಳಿದರೆ, ಓಡಿಸೋಕೆ ಅಂತಾದರೆ 1967ರ ಕೊನೆಗೆ ಬಂದ ಎರಡನೇ ಆವೃತ್ತಿ ಮಾರ್ಕ್ 2ರಿಂದ 1974ರ ಕ್ರೋಮ್ ಬಂಪರ್ ಮುಗಿಯೋ ತನಕದ್ದು. ಅದಕ್ಕೆ ಮುಂಚಿನವುಗಳಲ್ಲಿ ಮೊದಲನೇ ಗೇರಿಗೆ ಸಿಂಕ್ರೋ, ಅಂದರೆ ಓಡುವಾಗಲೂ ಗೇರ್ ನಯವಾಗಿ ಕೂರಿಸೋ ಭಾಗ, ಇಲ್ಲ, ಪೂರ್ತಿ ನಿಲ್ಲಿಸದೇ ಫಸ್ಟ್ ಹಾಕಿದರೆ ಗರಗಸದ ಸದ್ದು. ಡೈನಮೋ ಬದಲು ಆಲ್ಟರ್ನೇಟರ್ ಬಂದದ್ದೂ ಮಾರ್ಕ್ 2ರಲ್ಲೇ. ಮೊದಲ ಎರಡು ವರ್ಷದ ಕಾರುಗಳಲ್ಲಿ ಕ್ರ್ಯಾಂಕ್‌ಗೆ ಮೂರೇ ಬೇರಿಂಗ್, 1964ರ ಕೊನೆಯಿಂದ ಐದು. ಮತ್ತೆ ಓವರ್‌ಡ್ರೈವ್ ಅನ್ನೋ ಹೆಚ್ಚುವರಿ ಗೇರ್ ಇಲ್ಲದ ಕಾರು ತಗೋಬೇಡಿ. ಪ್ರವಾಸ ಹೋಗೋ ಆಸೆ ಇದ್ದರೆ ಇದೊಂದರಲ್ಲಿ ರಾಜಿ ಆಗಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮನೆಗೆ ತಂದ ಮೊದಲ ವರ್ಷ ಕೊಂಡ ಬೆಲೆಯ ಕಾಲು ಭಾಗ ಮತ್ತೆ ಖರ್ಚಾಯಿತು. ಟೈರ್, ಬ್ರೇಕ್ ಹೋಸ್, ರೇಡಿಯೇಟರ್, ಪೆಟ್ರೋಲ್ ಪೈಪುಗಳೆಲ್ಲ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ಹಳೇ ರಬ್ಬರ್ ಪೈಪನ್ನು ಒಳಗಿಂದ ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಕಾರ್ಬ್ಯುರೇಟರ್ ಎಕ್ಸಾಸ್ಟ್‌ನ ಪಕ್ಕದಲ್ಲೇ ಇದೆ ಅನ್ನೋದು ನೆನಪಿರಲಿ. ಬೆಂಕಿ ಆರಿಸೋ ಸಣ್ಣ ಸಿಲಿಂಡರ್ ಒಂದು ಸೀಟಿನ ಹತ್ತಿರ ಇಟ್ಟುಕೊಳ್ಳಿ.

ಒಂದು ವರ್ಕ್‌ಶಾಪಿಗೆ ಟ್ಯೂನಿಂಗಿಗೆ ಕೊಟ್ಟಿದ್ದೆ, ಹೆಸರು ಹೇಳಲ್ಲ. ಎರಡು ವಾರ ಇಟ್ಟುಕೊಂಡು, ದಪ್ಪ ಬಿಲ್ ಕೊಟ್ಟು ಕಳಿಸಿದರು. ಐಡಲ್‌ನಲ್ಲಿ ಕಾರು ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಕೊನೆಗೆ ನಾನೇ ಕಲಿತೆ. ಇದಕ್ಕೆ ಎಸ್‌ಯು ಕಂಪನಿಯ ಎರಡು ಕಾರ್ಬ್ಯುರೇಟರ್. ಏರ್ ಫಿಲ್ಟರ್ ಬಿಚ್ಚಿ, ಎರಡಡಿ ರಬ್ಬರ್ ಕೊಳವೆ ತಗೊಂಡು ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮೊದಲ ಕಾರ್ಬ್ಯುರೇಟರಿನ ಬಾಯಿಗೆ. ಉಸ್ಸ್ ಅನ್ನೋ ಸದ್ದು ಕೇಳಿಸುತ್ತದೆ. ಆಮೇಲೆ ಎರಡನೇದಕ್ಕೆ. ಒಂದರಲ್ಲಿ ಉಸಿರು ಜೋರು, ಇನ್ನೊಂದರಲ್ಲಿ ಮೆಲ್ಲಗೆ. ಸ್ಕ್ರೂ ಕಾಲು ಸುತ್ತು ತಿರುಗಿಸಿ, ಮತ್ತೆ ಕಿವಿ ಕೊಡಿ, ಎರಡೂ ಒಂದೇ ಶ್ರುತಿಗೆ ಬರೋ ತನಕ. ಬಂದ ಕ್ಷಣ ಕೈಗೇ ಗೊತ್ತಾಗುತ್ತದೆ, ರೆಕ್ಕೆಯ ಮೇಲೆ ಇಟ್ಟ ಕೈಯಲ್ಲಿ ನಡುಕ ನಿಲ್ಲುತ್ತದೆ. ಮೊದಲ ಸಲ ಅರ್ಧ ದಿನ ಹಿಡಿಯಿತು, ಈಗ ಇಪ್ಪತ್ತು ನಿಮಿಷ. ಕಾರ್ಬ್ಯುರೇಟರಿನ ಮೇಲಿನ ಕಪ್ಪು ಮುಚ್ಚಳ ಬಿಚ್ಚಿ, ಒಳಗಿನ ಡ್ಯಾಶ್‌ಪಾಟ್ ಅನ್ನೋ ಕೊಳವೆಗೆ ನಾಲ್ಕು ಹನಿ ಎಣ್ಣೆ ಹಾಕೋದನ್ನು ಮರೆಯಬಾರದು, ಮರೆತರೆ ಆಕ್ಸಿಲರೇಟರ್ ಒತ್ತಿದಾಗ ಕೆಮ್ಮುತ್ತದೆ.

ಓಡಿಸೋಕೆ ಹೇಗಿದೆ? ಕೂತರೆ ಅಂಡು ರಸ್ತೆಗೆ ತಾಗುತ್ತದೇನೋ ಅನ್ನಿಸುತ್ತದೆ. ಸ್ಟೀರಿಂಗ್ ದೊಡ್ಡದು, ತೆಳ್ಳಗೆ, ಪವರ್ ಇಲ್ಲ, ನಿಂತಾಗ ತಿರುಗಿಸೋಕೆ ಭುಜ ಬೇಕು. ಆದರೆ ಇಪ್ಪತ್ತು ಕಿಲೋಮೀಟರ್ ವೇಗ ದಾಟಿದ ಮೇಲೆ ರಸ್ತೆಯ ಒಂದೊಂದು ಕಲ್ಲೂ ಅಂಗೈಗೆ ಬಂದು ವರದಿ ಕೊಡುತ್ತದೆ. ಗೇರ್ ಲಿವರ್ ಚಿಕ್ಕದು, ಮಣಿಕಟ್ಟು ಆಡಿಸಿದರೆ ಸಾಕು, ಕ್ಲಿಕ್ ಅಂತ ಕೂರುತ್ತದೆ. ಎಂಜಿನ್‌ಗೆ ಕೆಳಗಿನಿಂದಲೇ ಎಳೆಯೋ ಶಕ್ತಿ ಇದೆ, ನಾಲ್ಕನೇ ಗೇರಿನಲ್ಲೇ ಬೆಟ್ಟ ಹತ್ತುತ್ತದೆ, ಮೇಲಿನ ಆರ್‌ಪಿಎಂಗೆ ಎಬ್ಬಿಸಿದರೆ ಮಾತ್ರ ಗೊಣಗುತ್ತದೆ. ಹಿಂದೆ ಎತ್ತಿನಗಾಡಿ ಕಾಲದ ಲೀಫ್ ಸ್ಪ್ರಿಂಗ್, ಗುಂಡಿಗೆ ಬಿದ್ದರೆ ಬೆನ್ನು ಹೇಳುತ್ತದೆ. ಬ್ರೇಕಿಗೆ ಮುಂದೆ ಡಿಸ್ಕ್ ಇದೆ, ಆದರೆ ನನ್ನ ಕಾರಿನಲ್ಲಿ ಪೆಡಲ್ ಒತ್ತೋಕೆ ಬಲ ಕೊಡೋ ಸರ್ವೋ ಇಲ್ಲ. ಇವತ್ತಿನ ಕಾರು ಓಡಿಸಿ ಇದಕ್ಕೆ ಹತ್ತಿದವರು ಮೊದಲ ಬ್ರೇಕಿಗೆ ಬೆವರುತ್ತಾರೆ. ಕಾಲು ಊರಿ ಒತ್ತಬೇಕು, ಮುಂದಿನ ವಾಹನದಿಂದ ದುಪ್ಪಟ್ಟು ದೂರ ಇಡಬೇಕು. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಏನೂ ಇಲ್ಲ. ಚಿಕ್ಕ ಮಕ್ಕಳನ್ನು ನಾನು ಕೂರಿಸೋದಿಲ್ಲ, ಈ ವಿಷಯದಲ್ಲಿ ತಮಾಷೆ ಇಲ್ಲ.

ಈಗ ಓವರ್‌ಡ್ರೈವ್. ಗೇರ್‌ಬಾಕ್ಸಿನ ಹಿಂದೆ ಲೇಕಾಕ್ ಕಂಪನಿಯ ಒಂದು ಪುಟ್ಟ ಪೆಟ್ಟಿಗೆ, ಸ್ವಿಚ್ ಒತ್ತಿದರೆ ಮೂರು ಮತ್ತು ನಾಲ್ಕನೇ ಗೇರಿಗೆ ಇನ್ನೊಂದೊಂದು ಮೆಟ್ಟಿಲು ಸೇರುತ್ತದೆ. ಅದಿಲ್ಲದೆ ನೂರು ಕಿಲೋಮೀಟರ್ ವೇಗದಲ್ಲಿ ಎಂಜಿನ್ 3400 ಆರ್‌ಪಿಎಂ ಹತ್ತಿರ ಕಿರುಚುತ್ತದೆ, ಸ್ವಿಚ್ ಒತ್ತಿದ ಕೂಡಲೇ 2800ಕ್ಕೆ ಇಳಿಯುತ್ತದೆ. ಆ ಆರುನೂರು ಸುತ್ತಿನ ವ್ಯತ್ಯಾಸ ಕಾಗದದ ಮೇಲೆ ಚಿಕ್ಕದು. ಐದು ಗಂಟೆ ಹುಡ್ ತೆರೆದು ಹೆದ್ದಾರಿಯಲ್ಲಿ ಕೂತು ನೋಡಿ. ಇಳಿದಾಗ ಪಕ್ಕದವರ ಮಾತು ಕೇಳಿಸುತ್ತದೆ, ಅಷ್ಟು ಸಾಕು.

ಮೊದಲ ದೊಡ್ಡ ಪ್ರವಾಸ ಒಂಬತ್ತು ದಿನ, 1900 ಕಿಲೋಮೀಟರ್. ಹೊರಡೋ ಮುಂಚೆ ದಿನಕ್ಕೆ 400 ಅಂತ ಲೆಕ್ಕ ಹಾಕಿದ್ದೆವು. ತಪ್ಪು ಲೆಕ್ಕ. ಈ ಕಾರಿನಲ್ಲಿ ದಿನಕ್ಕೆ 250 ಸರಿ. ಅದಕ್ಕಿಂತ ಜಾಸ್ತಿ ಆದರೆ ಬಿಸಿಲು, ಗಾಳಿ, ಸದ್ದು ಸೇರಿ ಮೈ ಜಜ್ಜಿದಂತಾಗುತ್ತದೆ. ಹೆದ್ದಾರಿ ಬಿಟ್ಟು ಪಕ್ಕದ ರಸ್ತೆ ಹಿಡಿದರೆ ಇದು ಬೇರೆಯದೇ ಕಾರು. ಎಂಬತ್ತರ ವೇಗದಲ್ಲಿ, ಮರಗಳ ಸಾಲಿನ ನಡುವೆ, ಎಕ್ಸಾಸ್ಟ್ ಸದ್ದು ಗೋಡೆಗೆ ಬಡಿದು ವಾಪಸ್ ಬರುವಾಗ ನೂರಅರವತ್ತರಲ್ಲಿ ಹೋದಷ್ಟು ಖುಷಿ. ಯಾವ ನಿಯಮವೂ ಮುರಿದಿರೋದಿಲ್ಲ.

ಸಾಮಾನಿನ ಜಾಗದ ಬಗ್ಗೆ ಕೇಳಬೇಡಿ. ಡಿಕ್ಕಿಯ ಅರ್ಧ ಸ್ಪೇರ್ ಚಕ್ರಕ್ಕೆ, ಉಳಿದರ್ಧದಲ್ಲಿ ಟೂಲ್ಸ್. ಗಟ್ಟಿ ಸೂಟ್‌ಕೇಸ್ ಹಿಡಿಯಲ್ಲ, ಮೆತ್ತಗಿನ ಬ್ಯಾಗ್ ತುರುಕಬಹುದು. ಇಬ್ಬರಿಗೆ ನಾಲ್ಕು ಬ್ಯಾಗ್, ಎರಡು ಡಿಕ್ಕಿಯ ಮೇಲಿನ ಕ್ರೋಮ್ ಸರಳಿಗೆ ಕಟ್ಟಿ, ಎರಡು ಸೀಟಿನ ಹಿಂದೆ. ಅಂದರೆ ಬ್ಯಾಟರಿ ಮೇಲೆ. ಎರಡನೇ ದಿನ ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ, ಬ್ಯಾಟರಿ ಕ್ಲಾಂಪ್ ಸಡಿಲ ಆಗಿದೆ ಅಂತ ಅನುಮಾನ ಇತ್ತು, ಆದರೆ ಅದನ್ನು ನೋಡಬೇಕಾದರೆ ಕಟ್ಟಿದ್ದೆಲ್ಲ ಬಿಚ್ಚಿ, ಕಾರ್ಪೆಟ್ ಎತ್ತಿ, ಮುಚ್ಚಳ ತೆಗೆದು... ಇಬ್ಬರೂ ಮುಖ ಮುಖ ನೋಡಿಕೊಂಡು ತಳ್ಳಿದೆವು. ಇಳಿಜಾರಿತ್ತು, ಸೆಕೆಂಡ್ ಗೇರ್, ಕ್ಲಚ್ ಬಿಟ್ಟೆ, ಹತ್ತಿಕೊಂಡಿತು. ಹೊಸ ಕಾರನ್ನು ಹೀಗೆ ತಳ್ಳಿ ಎಬ್ಬಿಸೋಕೆ ಆಗುತ್ತಾ?

ಮಳೆ ಬಂದರೆ? ಹುಡ್ ಎಳೆದು ಗುಂಡಿ ಹಾಕೋಕೆ ನಮಗೆ ನಾಲ್ಕು ನಿಮಿಷ. ಅಷ್ಟರಲ್ಲಿ ನೆನೆದಿರುತ್ತೇವೆ. ಹಾಕಿದ ಮೇಲೂ ಗಾಜಿನ ಮೇಲ್ತುದಿಯಿಂದ ಒಂದು ಹನಿ ಸರಿಯಾಗಿ ಬಲ ಮೊಣಕಾಲಿಗೆ ಬೀಳುತ್ತದೆ. ಎಂಜಿಎಗೆ ಬಿಚ್ಚಿ ಹಾಕೋ ಪರದೆಗಳಿದ್ದವು, ಇದಕ್ಕೆ ಸುತ್ತಿ ಏರಿಸೋ ಗಾಜು ಕೊಟ್ಟಿದ್ದಾರೆ, ಅದನ್ನೇ ಭಾಗ್ಯ ಅಂದುಕೊಂಡೆವು.

ಮೂರನೇ ದಿನ ಬೆಟ್ಟದ ಏರಿನಲ್ಲಿ ಎಂಜಿನ್ ಎರಡು ಸಲ ಸೀನಿ ನಿಂತುಬಿಟ್ಟಿತು. ಕೀ ತಿರುಗಿಸಿದೆ. ಏನೂ ಸದ್ದಿಲ್ಲ. ಆ ಸದ್ದಿಲ್ಲದಿರೋದೇ ಉತ್ತರ. ಎಂಜಿಬಿಯಲ್ಲಿ ಎಸ್‌ಯು ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಹಿಂದಿನ ಆಕ್ಸಲ್ಲಿನ ಮುಂದೆ ಇರುತ್ತದೆ, ಇಗ್ನಿಷನ್ ಹಾಕಿದ ಕೂಡಲೇ ಗೋಡೆ ಗಡಿಯಾರದ ಹಾಗೆ ಟಿಕ್ ಟಿಕ್ ಟಿಕ್ ಅಂದು, ಕಾರ್ಬ್ಯುರೇಟರ್ ತುಂಬಿದ ಮೇಲೆ ನಿಧಾನವಾಗುತ್ತದೆ. ಒಳಗೆ ಪಾಯಿಂಟ್ಸ್, ಅಂದರೆ ಕರೆಂಟ್ ಕೂಡಿಸಿ ಬಿಡಿಸೋ ಲೋಹದ ತುದಿಗಳು ಇವೆ, ಸುಟ್ಟು ಕಪ್ಪಾದರೆ ಅಂಟಿಕೊಂಡು ನಿಲ್ಲುತ್ತದೆ. ಮೊದಲು ಇಬ್ಬರೂ ಸೇರಿ ಕಾರನ್ನು ರಸ್ತೆಯಿಂದ ಪಕ್ಕಕ್ಕೆ ತಳ್ಳಿದೆವು. ತಂತಿ ಕಡ್ಡಿಯ ಚಕ್ರ ಬಿಚ್ಚೋಕೆ ಅಂತ ಇಟ್ಟಿದ್ದ ತಾಮ್ರದ ಸುತ್ತಿಗೆ ತಗೊಂಡು, ಹೊಟ್ಟೆ ಮೇಲೆ ಮಲಗಿ, ಪಂಪಿನ ಮೈಗೆ ಮೆಲ್ಲಗೆ ಎರಡು ಬಡಿದೆ. ಟಿಕ್. ಟಿಕ್ ಟಿಕ್ ಟಿಕ್. ಪಕ್ಕದಲ್ಲಿ ಬೈಕ್ ನಿಲ್ಲಿಸಿ ನೋಡುತ್ತಿದ್ದ ಹುಡುಗ "ಅಷ್ಟೇನಾ?" ಅಂದ. ಅಷ್ಟೇ. ಅರವತ್ತು ಕಿಲೋಮೀಟರ್ ಹಾಗೇ ಬಡಿದುಕೊಂಡು ಹೋದೆವು. ರಾತ್ರಿ ಪಂಪಿನ ತಲೆ ಬಿಚ್ಚಿ ಪಾಯಿಂಟ್ಸ್ ಮೇಲೆ ನಯವಾದ ಎಮರಿ ಕಾಗದ ಎಳೆದೆ. ಆಮೇಲೆ ಇವತ್ತಿನ ತನಕ ತೊಂದರೆ ಕೊಟ್ಟಿಲ್ಲ. ಪಾಯಿಂಟ್ಸ್ ಇಲ್ಲದ ಎಲೆಕ್ಟ್ರಾನಿಕ್ ಪಂಪ್ ಸಿಗುತ್ತದೆ, ಬುದ್ಧಿವಂತರು ಅದನ್ನು ಹಾಕಿಸುತ್ತಾರೆ.

ಐದನೇ ದಿನ ಓವರ್‌ಡ್ರೈವ್ ಸತ್ತಿತು. ಗೇರ್‌ಬಾಕ್ಸ್ ಇಳಿಸಬೇಕಾ ಅಂತ ಎದೆ ಒಡೆದುಹೋಯಿತು. ನೋಡಿದರೆ ಬಾನೆಟ್ ಕೆಳಗೆ ಲ್ಯೂಕಸ್ ಕಂಪನಿಯ ವೈರಿಂಗಿನಲ್ಲಿ ತಂತಿ ಜೋಡಿಸೋ ಒಂದು ಬುಲೆಟ್ ಕನೆಕ್ಟರ್ ಹಸಿರು ಪಾಚಿ ಕಟ್ಟಿತ್ತು. ಕೆರೆದು ಮತ್ತೆ ಒತ್ತಿದೆ, ಸರಿಹೋಯಿತು. ಈ ಲ್ಯೂಕಸ್ ಕಂಪನಿಯನ್ನು ಕತ್ತಲೆಯ ರಾಜಕುಮಾರ ಅಂತ ಆಡಿಕೊಳ್ಳೋದು ಹಳೇ ಜೋಕು. ನನ್ನ ಅನುಭವದಲ್ಲಿ ಅರ್ಧ ತಪ್ಪು ಅವರದಲ್ಲ, ಐವತ್ತು ವರ್ಷದಿಂದ ಯಾರೂ ಕನೆಕ್ಟರ್ ಬಿಚ್ಚಿ ಒರೆಸಿಲ್ಲ.

ನಿಜವಾದ ಸಿಟ್ಟು ಇರೋದು ಹೊಸ ಬಿಡಿಭಾಗಗಳ ಮೇಲೆ. ಎಲ್ಲವೂ ಸಿಗುತ್ತದೆ ಅಂದೆನಲ್ಲ, ಎಲ್ಲವೂ ಚೆನ್ನಾಗಿರುತ್ತದೆ ಅನ್ನಲಿಲ್ಲ. ಲಾರಿ ಮೇಲೆ ಬಂದ ಕಥೆ ಇದು. ಎರಡನೇ ಪ್ರವಾಸಕ್ಕೆ ಮುಂಚೆ ಜಾಣತನ ಮಾಡಿ ಪ್ಲಗ್‌ಗಳಿಗೆ ಕಿಡಿ ಹಂಚೋ ಹಳೇ ರೋಟರ್ ಆರ್ಮ್ ತೆಗೆದು ಹೊಸದು ಹಾಕಿದೆ. ಯಾವ ಕಂಪನಿ ಅಂತ ಬೇಡ. 180 ಕಿಲೋಮೀಟರಿಗೆ ಕಾರು ಸ್ವಿಚ್ ಆರಿಸಿದ ಹಾಗೆ ನಿಂತಿತು. ಪೆಟ್ರೋಲ್ ಇದೆ, ಪಂಪ್ ಟಿಕ್ ಅನ್ನುತ್ತಿದೆ, ಕಾಯಿಲ್‌ನಿಂದ ಕಿಡಿ ಬರುತ್ತಿದೆ, ಪ್ಲಗ್‌ನಲ್ಲಿ ಮಾತ್ರ ಇಲ್ಲ. ರೋಟರ್‌ನ ಹಿತ್ತಾಳೆ ಪಟ್ಟಿ ಹಿಡಿದಿಟ್ಟ ರಿವೆಟ್ ಮೂಲಕ ಕಿಡಿ ಒಳಗೊಳಗೇ ಶಾಫ್ಟಿಗೆ ಇಳಿದುಹೋಗುತ್ತಿತ್ತು. ಹಳೇ ರೋಟರ್ ಎಲ್ಲಿತ್ತು? ಮನೆಯಲ್ಲಿ, ಡಬ್ಬಿಯಲ್ಲಿ, ಜೋಪಾನವಾಗಿ. ಈಗ ನಿಯಮ ಮಾಡಿಕೊಂಡಿದ್ದೇನೆ. ಕೆಲಸ ಮಾಡುತ್ತಿರೋ ಹಳೇ ಭಾಗ ಮುಟ್ಟಬಾರದು, ಮುಟ್ಟಿದರೆ ಅದನ್ನೇ ಸ್ಪೇರ್ ಆಗಿ ಕಾರಿನಲ್ಲಿ ಇಡಬೇಕು. ನನ್ನ ಡಬ್ಬಿಯಲ್ಲಿ ಈಗ ರಿವೆಟ್ ಇಲ್ಲದ ರೋಟರ್ ಎರಡು, ಕಂಡೆನ್ಸರ್ ಎರಡು, ಪಾಯಿಂಟ್ಸ್, ಫ್ಯಾನ್ ಬೆಲ್ಟ್, ಮೇಲಿನ ರೇಡಿಯೇಟರ್ ಹೋಸ್, ನಾಲ್ಕು ಪ್ಲಗ್, ಕೈಗೆ ಸಿಕ್ಕಷ್ಟು ಫ್ಯೂಸ್, ಒಂದು ಲೀಟರ್ 20ಡಬ್ಲ್ಯು-50 ಆಯಿಲ್, ಮತ್ತೆ ಆ ಸುತ್ತಿಗೆ. ಪೆಟ್ರೋಲ್ ಖರ್ಚು ಲೀಟರಿಗೆ ಹತ್ತು ಕಿಲೋಮೀಟರ್ ಆಸುಪಾಸು, ಅದು ಚಿಂತೆ ಅಲ್ಲ.

ಸೆಕೆಯಲ್ಲಿ ಟ್ರಾಫಿಕ್ ಇದಕ್ಕೆ ಆಗಲ್ಲ. ಎಂಜಿನ್ ಬಿಸಿ ತೋರಿಸೋ ಸೂಜಿ ಮೇಲೆ ಹತ್ತುತ್ತದೆ, ಪೆಟ್ರೋಲ್ ಆವಿಯಾಗಿ ಐಡಲ್ ತಪ್ಪುತ್ತದೆ, ನಿಮ್ಮ ಕಾಲೂ ಬೇಯುತ್ತದೆ. ಊರು ದಾಟೋದನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ. ಐದು ಸಾವಿರ ಕಿಲೋಮೀಟರಿಗೆ ಒಂದು ಸಲ ಮುಂದಿನ ಚಕ್ರ ತಿರುಗಿಸುವಾಗ ಆಧಾರವಾಗೋ ಕಿಂಗ್‌ಪಿನ್‌ಗಳಿಗೆ ಗ್ರೀಸ್ ಹೊಡೆಯಿರಿ, ಹೊಡೆಯದೇ ಇದ್ದರೆ ಸ್ಟೀರಿಂಗ್ ಬಿಗಿದು ಪಿನ್ ಸವೆದು ದೊಡ್ಡ ಕೆಲಸ ಬರುತ್ತದೆ. ಇನ್ಶೂರೆನ್ಸ್ ಮಾಡಿಸುವಾಗ ಮೊದಲೇ ಒಪ್ಪಿದ ಮೌಲ್ಯಕ್ಕೆ ಮಾಡಿಸಿ, ಇಲ್ಲದಿದ್ದರೆ ಐವತ್ತು ವರ್ಷದ ಹಳೇ ಕಬ್ಬಿಣ ಅಂತ ಲೆಕ್ಕ ಹಾಕಿ ಕೈಗಿಡುತ್ತಾರೆ.

ಯಾರಿಗೆ ಬೇಡ ಅಂದರೆ, ದಿನಾ ಆಫೀಸಿಗೆ ಹೋಗೋಕೆ ಒಂದೇ ಕಾರು ಇರೋರಿಗೆ ಬೇಡ. ಕೈ ಕೊಳೆ ಆದರೆ ಮುಖ ಸಿಂಡರಿಸೋರಿಗೆ ಬೇಡ. ತೆರೆದ ಕಾರಿನ ಸುಖ ಬೇಕು, ತೊಂದರೆ ಬೇಡ ಅನ್ನೋರು 1989ರಲ್ಲಿ ಬಂದ ಮೊದಲ ಮಾಜ್ದಾ ಎಂಎಕ್ಸ್-5 ಹುಡುಕಿ, ಅದೂ ಈಗ ಮೂವತ್ತು ದಾಟಿದೆ, ಮಳೆಯಲ್ಲಿ ಸೋರಲ್ಲ, ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತದೆ. ಇನ್ನೂ ಗೊಂದಲ ಇದ್ದರೆ ಕೊಳ್ಳೋ ಮುಂಚೆ ಎರಡು ದಿನ ಎಂಜಿಬಿಯೊಂದನ್ನು ಬಾಡಿಗೆಗೆ ತಗೊಂಡು ಓಡಿಸಿ ನೋಡಿ, ಒಂದು ದಿನ ಅಲ್ಲ, ಎರಡು. ಮೊದಲ ದಿನ ಎಲ್ಲರಿಗೂ ಇಷ್ಟ ಆಗುತ್ತದೆ. ಎರಡನೇ ದಿನ ಬೆಳಿಗ್ಗೆ ಬೆನ್ನು ನೋಯುತ್ತಿದ್ದರೂ ಕೀ ಹುಡುಕುತ್ತೀರಾ ಇಲ್ವಾ ಅನ್ನೋದು ಮುಖ್ಯ.

ನನ್ನದು ಐದಕ್ಕೆ ನಾಲ್ಕು ನಕ್ಷತ್ರ. ಒಂದು ಕಡಿಮೆ ಆಗಿದ್ದು ಬ್ಯಾಟರಿ ಇಟ್ಟ ಜಾಗಕ್ಕೆ.

ಕಾರು ನಿಲ್ಲಿಸೋ ಜಾಗದಲ್ಲಿ ಕೆಳಗೆ ದೊಡ್ಡ ರಟ್ಟು ಹಾಸಿಟ್ಟಿದ್ದೇನೆ. ಎಂಜಿಬಿ ಆಯಿಲ್ ತೊಟ್ಟಿಕ್ಕದಿದ್ದರೆ ಒಳಗೆ ಆಯಿಲ್ ಇಲ್ಲ ಅಂತ ಅರ್ಥ ಅನ್ನುತ್ತಾರೆ. ಎಲ್ಲೆಲ್ಲಿ ಎಷ್ಟು ಹನಿ ಬೀಳುತ್ತದೆ ಅಂತ ನನಗೆ ಬಾಯಿಪಾಠ, ಎಂಜಿನ್ ತಳದ ಆಯಿಲ್ ಸಂಪ್ ಕೆಳಗೆ ಎರಡು, ಗೇರ್‌ಬಾಕ್ಸ್ ಕೆಳಗೆ ನಾಲ್ಕು. ನಿನ್ನೆ ಸಂಜೆ ಹಿಂದಿನ ಎಡ ಚಕ್ರದ ಹತ್ತಿರ ಹೊಸದೊಂದು ಕಲೆ ಕಾಣಿಸಿತು. ಬೆರಳಿಗೆ ತಗೊಂಡು ನೋಡಿದೆ, ತೆಳ್ಳಗಿತ್ತು, ಎಂಜಿನ್ ಆಯಿಲ್ ಅಲ್ಲ, ಬ್ರೇಕ್ ಫ್ಲೂಯಿಡ್. ವೀಲ್ ಸಿಲಿಂಡರ್ ಸೀಲು ಹೋಗಿರಬೇಕು. ಎರಡೂ ಕಡೆಗೆ ಹೊಸ ಸಿಲಿಂಡರ್ ತರಿಸಿದ್ದೇನೆ, ಅದು ಬರೋ ತನಕ ಮುದುಕ ಅಲುಗಾಡೋ ಹಾಗಿಲ್ಲ.